ಟೂ-ಸ್ಟೇಜ್ ವ್ಯಾಕ್ಯೂಮ್ ಪಂಪ್: ವರ್ಷಗಟ್ಟಲೆ ಓಡಿಸಿದ ಮೇಲೆ

ಎಸಿ, ಫ್ರಿಜ್ ರಿಪೇರಿಗೆ ನಾನು ಬಳಸುವುದು ಎಣ್ಣೆ ಹಾಕಿ ಓಡಿಸುವ ಟೂ-ಸ್ಟೇಜ್ ರೋಟರಿ ವೇನ್ ಪಂಪ್. ಒಳಗೆ ತಿರುಗುವ ಪಟ್ಟಿಗಳು, ಅಂದರೆ ವೇನ್, ಎರಡು ಹಂತದಲ್ಲಿ ಗಾಳಿ ಎಳೆದು ಹೊರಗೆ ತಳ್ಳುತ್ತವೆ. ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿ, ತೇವ ತೆಗೆಯುವುದು ಇದರ ಕೆಲಸ. ವರ್ಷಗಳಿಂದ ಹೆಚ್ಚುಕಡಿಮೆ ದಿನಾ ಓಡುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಪಂಪ್ ಚೆನ್ನಾಗಿದೆ. ಇನ್ನೊಂದು ಬೇಕಾದರೆ ಇದನ್ನೇ ಕೊಳ್ಳುತ್ತೇನೆ. ಆದರೆ ಬಾಕ್ಸ್ ಮೇಲೆ ಬರೆದ ಅಂಕಿ ಕೈಗೆ ಸಿಗಬೇಕಾದರೆ ಪಂಪ್ ಒಂದೇ ಸಾಲದು. ಎಣ್ಣೆ, ಹೋಸ್, ಗೇಜ್ ಮೂರೂ ಸರಿಯಿರಬೇಕು.

ಪಂಪಿನ ಪ್ಲೇಟ್ ಮೇಲೆ ಎರಡು ಅಂಕಿ ಮುಖ್ಯ. ಒಂದು, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ ಅನ್ನುವ ಸಿಎಫ್‌ಎಂ. ಇನ್ನೊಂದು, ಕೊನೆಗೆ ಎಷ್ಟು ಕೆಳಗಿನ ಒತ್ತಡಕ್ಕೆ ಇಳಿಯುತ್ತದೆ ಅನ್ನುವುದು. ಎಲ್ಲರೂ ಕೇಳುವುದು ಮೊದಲನೆಯದನ್ನೇ. ಆದರೆ ಆ ಅಂಕಿ ಹೊರಗಿನ ಮಾಮೂಲಿ ಒತ್ತಡದ ಗಾಳಿಯ ಲೆಕ್ಕ. ಒತ್ತಡ ತೀರಾ ಕೆಳಗೆ ಹೋದಂತೆ ಎಳೆಯುವ ವೇಗವೂ ಬೀಳುತ್ತದೆ, ಕೊನೆಯ ಮಿತಿ ಮುಟ್ಟಿದಾಗ ಅದು ಸೊನ್ನೆಯೇ. ಇನ್ನೊಂದು ವಿಷಯ: 60 ಹರ್ಟ್ಸ್ ಕರೆಂಟಿಗೆ ಬರೆದ ಅಂಕಿ 50 ಹರ್ಟ್ಸ್‌ನಲ್ಲಿ ಸಿಗುವುದಿಲ್ಲ. ಮೋಟರ್ ನಿಧಾನ ತಿರುಗುತ್ತದೆ, ಸುಮಾರು ಆರನೇ ಒಂದು ಭಾಗ ಕಮ್ಮಿಯಾಗುತ್ತದೆ. ಪ್ಲೇಟಿನಲ್ಲಿ ಯಾವ ಹರ್ಟ್ಸ್‌ಗೆ ಬರೆದಿದ್ದಾರೆ ನೋಡಿಕೊಳ್ಳಿ.

ಒತ್ತಡದ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ. ಹೊರಗಿನ ಗಾಳಿಯ ಒತ್ತಡ 760 ಟಾರ್, ಅಂದರೆ 7,60,000 ಮೈಕ್ರಾನ್ (ಟಾರ್, ಮೈಕ್ರಾನ್ ಎರಡೂ ಇಲ್ಲಿ ಒತ್ತಡದ ಅಳತೆಗಳು). ನಾವು ಮುಟ್ಟಬೇಕಾದದ್ದು 500 ಅಥವಾ ಅದಕ್ಕೂ ಕೆಳಗೆ. 5,000ಕ್ಕೆ ಬಂದಾಗಲೇ ಶೇ 99ಕ್ಕಿಂತ ಹೆಚ್ಚು ಗಾಳಿ ಹೋಗಿರುತ್ತದೆ, ಅಷ್ಟು ಸಾಲದಾ ಅಂತ ಕೇಳುವವರಿದ್ದಾರೆ. ಗಾಳಿಯದ್ದಷ್ಟೇ ಆಗಿದ್ದರೆ ಸಾಕಿತ್ತೇನೋ, ತೊಂದರೆ ಇರುವುದು ನೀರಿನದ್ದು. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒತ್ತಡ ಸುಮಾರು 24,000 ಮೈಕ್ರಾನ್‌ಗೆ ಇಳಿಯಬೇಕು. ಪೈಪಿನ ಯಾವುದೋ ಮೂಲೆ ತಣ್ಣಗಾಗಿ 0 ಡಿಗ್ರಿಗೆ ಬಂದರೆ ಅಲ್ಲಿ 4,600ಕ್ಕೆ ಇಳಿಯಬೇಕು. 5,000ಕ್ಕೆ ನಿಲ್ಲಿಸಿದರೆ ಅಂಥ ಮೂಲೆಯಲ್ಲಿ ನೀರು ಹಾಗೇ ಕೂತಿರುತ್ತದೆ. ಆಮೇಲೆ ಅದು ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಸಿಡ್ ಆಗುತ್ತದೆ. ಈಗಿನ ಕಂಪ್ರೆಸರ್‌ಗಳಲ್ಲಿ ಹಾಕುವ ಪಿಒಇ ಅನ್ನುವ ಸಿಂಥೆಟಿಕ್ ಎಣ್ಣೆಯಂತೂ ನೀರನ್ನು ಎಳೆದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ.

ಇದನ್ನೆಲ್ಲ ಮ್ಯಾನಿಫೋಲ್ಡಿನ, ಅಂದರೆ ಗ್ಯಾಸ್ ತುಂಬುವಾಗ ಹೋಸ್ ಜೋಡಿಸುವ ಗೇಜ್ ಸೆಟ್ಟಿನ, ಮುಳ್ಳು ತೋರಿಸುವುದಿಲ್ಲ. ಅದರಲ್ಲಿ 5,000ವೂ ಒಂದೇ, 500ವೂ ಒಂದೇ, ಮುಳ್ಳು ಕೆಳಗೆ ಹೋಗಿ ಕೂತಿರುತ್ತದೆ. ಪಂಪ್ ಕೊಳ್ಳುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿಯಾದರೂ ಇಷ್ಟು ಕಡಿಮೆ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜ್ ತಗೊಳ್ಳಿ. ಅದನ್ನು ಪಂಪಿನ ಬಾಯಿಗೆ ಹಾಕಬೇಡಿ, ಎಸಿಯ ಕಡೆ, ಪಂಪಿನಿಂದ ದೂರದ ತುದಿಗೆ ಹಾಕಿ. 500ಕ್ಕೆ ಇಳಿದ ಮೇಲೆ ವಾಲ್ವ್ ಮುಚ್ಚಿ ಪಂಪ್ ಬೇರೆ ಮಾಡಿ, ಗೇಜನ್ನೇ ನೋಡುತ್ತಾ ಕೂರಿ. ಅಂಕಿ 600, 800, 1,100 ಅಂತ ಏರಿ, ಆಮೇಲೆ ನಿಧಾನವಾಗಿ ಒಂದು ಕಡೆ ನಿಂತರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ನಿಲ್ಲದೆ ಒಂದೇ ಸಮ ಏರುತ್ತಲೇ ಇದ್ದರೆ ಲೀಕ್. ಆಗ ಪಂಪನ್ನು ಎಷ್ಟು ಹೊತ್ತು ಓಡಿಸಿದರೂ ಪ್ರಯೋಜನವಿಲ್ಲ, ಪೈಪ್ ಜೋಡಿಸುವ ಫ್ಲೇರ್ ನಟ್ ಹತ್ತಿರ ಹೋಗಿ ಹುಡುಕಬೇಕು.

ಪಂಪ್ ಎಳೆಯುತ್ತಿಲ್ಲ ಅಂತ ಬರುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ಹೋಸಿನ ದೂರುಗಳು. ಕಾಲು ಇಂಚಿನ ಉದ್ದ ಹೋಸ್, ತುದಿಯಲ್ಲಿ ಎಸಿಯ ಸರ್ವಿಸ್ ವಾಲ್ವಿನೊಳಗೆ ದಾರಿಗೆ ಅಡ್ಡವಾಗಿರುವ ಪಿನ್ ಹಾಗೇ ಇದ್ದರೆ ಎಂಥ ದೊಡ್ಡ ಪಂಪ್ ಆದರೂ ಏನು ಮಾಡೀತು? ಪೈಪಿನ ಒಳವ್ಯಾಸ ಎರಡರಷ್ಟಾದರೆ, ಗಾಳಿ ಇನ್ನೂ ದಟ್ಟವಾಗಿರುವಾಗ ಅದರೊಳಗಿನ ಹರಿವು 16 ಪಟ್ಟಾಗುತ್ತದೆ. ಒತ್ತಡ ತೀರಾ ಕೆಳಗಿಳಿದಾಗಲೂ 8 ಪಟ್ಟು. ಪಿನ್ ತೆಗೆಯುವ ಟೂಲ್ ಹಾಕಿ, ದಪ್ಪನೆಯ ಗಿಡ್ಡ ಹೋಸ್ ಒಂದನ್ನೇ ನೇರವಾಗಿ ಜೋಡಿಸಿ. ದೊಡ್ಡ ಪಂಪಿಗೆ ಹಾಕುವ ದುಡ್ಡಿಗಿಂತ ಇದರ ಫಲ ಜಾಸ್ತಿ.

ಈಗ ಎಣ್ಣೆ. ಪಂಪಿನ ವೇನ್‌ಗಳ ಸಂದಿ ಮುಚ್ಚುವುದು, ಸವೆಯದಂತೆ ನೋಡಿಕೊಳ್ಳುವುದು, ಬಿಸಿ ಹೊರಗೆ ಸಾಗಿಸುವುದು ಎಲ್ಲ ಇದರದ್ದೇ ಕೆಲಸ. ಎಳೆದ ತೇವವೂ ಕೊನೆಗೆ ಬಂದು ಸೇರುವುದು ಇಲ್ಲಿಗೇ. ನೀರು ಸೇರಿದ ಎಣ್ಣೆಯಿಂದ ಆವಿ ಏಳುತ್ತಲೇ ಇರುತ್ತದೆ, ಹಾಗಾಗಿ ಒತ್ತಡ ಒಂದು ಮಟ್ಟದಿಂದ ಕೆಳಗೆ ಹೋಗುವುದೇ ಇಲ್ಲ. ತೇವ ಹಿಡಿದ ಮಶೀನಿನ ಕೆಲಸ ಮುಗಿಸಿ ಡ್ರೇನ್ ಬಿಚ್ಚಿದರೆ ಇದು ಕಣ್ಣಿಗೇ ಕಾಣುತ್ತದೆ. ಹಾಕುವಾಗ ತಿಳಿ ಹಳದಿಯಾಗಿದ್ದ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿ ಇಳಿಯುತ್ತದೆ. ಕಪ್ಪಾಗಿ ಬಂದರೆ ಬಿಸಿಗೆ ಕೆಟ್ಟಿದೆ ಅಥವಾ ಕೊಳೆ ಸೇರಿದೆ. ಕೆಲಸ ಮುಗಿದ ಕೂಡಲೇ, ಪಂಪ್ ಬಿಸಿಯಿರುವಾಗಲೇ ಇಳಿಸಿ. ತಣ್ಣಗಾದ ಮೇಲೆ ಅರ್ಧ ಕೊಳೆ ತಳದಲ್ಲೇ ಉಳಿಯುತ್ತದೆ. ಎಂಜಿನ್ ಆಯಿಲ್ ನಡೆಯುತ್ತದಾ ಅಂತ ಕೇಳುತ್ತಾರೆ. ಬೇಡ. ಕಡಿಮೆ ಒತ್ತಡದಲ್ಲೂ ಆವಿಯಾಗದಂತೆ ತಯಾರಿಸಿದ ವ್ಯಾಕ್ಯೂಮ್ ಪಂಪ್ ಆಯಿಲೇ ಬೇಕು.

ಗ್ಯಾಸ್ ಬ್ಯಾಲಸ್ಟ್ ಅನ್ನುವ ಚಿಕ್ಕ ತಿರುಪನ್ನು ಎಷ್ಟೋ ಜನ ಮುಟ್ಟುವುದೇ ಇಲ್ಲ. 1935ರಲ್ಲಿ ಜರ್ಮನ್ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಗೇಡೆ ಕಂಡುಹಿಡಿದದ್ದು ಇದು. ಪಂಪ್ ಒಳಗೆ ಗಾಳಿ ಒತ್ತುವ ಹೊತ್ತಿಗೆ ಹೊರಗಿನ ಗಾಳಿಯನ್ನು ಸ್ವಲ್ಪವೇ ಬಿಡುತ್ತದೆ. ಅದರಿಂದ ಆವಿ ನೀರಾಗುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆದು ಆವಿ ಹೊರಗೆ ಹೋಗುತ್ತದೆ. ಎಣ್ಣೆ ಉಳಿಯುತ್ತದೆ. ಬ್ಯಾಲಸ್ಟ್ ತೆರೆದಿರುವಷ್ಟು ಹೊತ್ತು ಪಂಪ್ ಕೊನೆಯ ಮಿತಿ ಮುಟ್ಟುವುದಿಲ್ಲ, ಆದ್ದರಿಂದ ಶುರುವಿನಲ್ಲಿ ತೆರೆದಿಟ್ಟು, ಗೇಜ್ ಕೆಲವು ಸಾವಿರಕ್ಕೆ ಇಳಿದ ಮೇಲೆ ಮುಚ್ಚುತ್ತೇನೆ.

ನನ್ನ ಪಂಪ್ ಪ್ಲೇಟ್ ಮೇಲೆ 15 ಮೈಕ್ರಾನ್ ಅಂತ ಇದೆ. ಬೇರೇನೂ ಜೋಡಿಸದೆ ಬಾಯಿಗೆ ಗೇಜ್ ಮಾತ್ರ ಹಾಕಿ ನೋಡಿದರೆ, ಹೊಸ ಎಣ್ಣೆಯಲ್ಲಿ ಈಗಲೂ 50ಕ್ಕಿಂತ ಕೆಳಗೆ ಹೋಗುತ್ತದೆ. ಇಷ್ಟು ವರ್ಷದ ಮೇಲೆ ನನಗೆ ಇದು ತೃಪ್ತಿಯೇ. ಎಣ್ಣೆ ಬದಲಿಸಿದಾಗಲೆಲ್ಲ ಈ ಪರೀಕ್ಷೆ ಮಾಡಿ ಬರೆದಿಡಿ, ಪಂಪಿನ ಆರೋಗ್ಯ ಅದರಲ್ಲೇ ಗೊತ್ತಾಗುತ್ತದೆ. ಹೊಸ ಎಣ್ಣೆ ಹಾಕಿದರೂ ಅಂಕಿ ಇಳಿಯದಿದ್ದರೆ ಸೀಲ್, ಓ-ರಿಂಗ್, ಆಮೇಲೆ ವೇನ್ ನೋಡಿ.

ದೂರುಗಳೂ ಇವೆ. ಡ್ರೇನ್ ತಿರುಪು ತೀರಾ ಕೆಳಗಿದೆ, ಪಂಪನ್ನು ಓರೆ ಮಾಡದೆ ಎಣ್ಣೆ ಪೂರ್ತಿ ಇಳಿಯುವುದಿಲ್ಲ. ಎಣ್ಣೆ ನೋಡುವ ಗಾಜು ಚಿಕ್ಕದು, ಹಳೆಯದಾದಂತೆ ಮಸುಕಾಗಿ ಬಣ್ಣವೇ ತಿಳಿಯುವುದಿಲ್ಲ. ಎಕ್ಸಾಸ್ಟ್‌ನಿಂದ ಬರುವ ಎಣ್ಣೆ ಮಂಜಿಗೆ ಫಿಲ್ಟರ್ ಜೊತೆಗೇ ಕೊಡಬೇಕಿತ್ತು. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಮೋಟರ್ ತಿಣುಕುತ್ತದೆ. ಬಾಯಿ ತೆರೆದಿಟ್ಟು ಸ್ವಲ್ಪ ಹೊತ್ತು ಓಡಿಸಿದರೆ ಸರಿಹೋಗುತ್ತದೆ. ನಿಲ್ಲಿಸುವಾಗ ಎಣ್ಣೆ ವಾಪಸ್ ಎಳೆಯದಂತೆ ಒಳಗೆ ವಾಲ್ವ್ ಇದೆ, ನನಗೆ ಇದುವರೆಗೆ ಕೈಕೊಟ್ಟಿಲ್ಲ. ಆದರೂ ಮೊದಲು ವಾಲ್ವ್ ಮುಚ್ಚಿ ಆಮೇಲೆ ಸ್ವಿಚ್ ಆರಿಸುವುದೇ ಸರಿ.

ಎಸಿ, ಫ್ರಿಜ್ ಕೆಲಸದವರು ಕಣ್ಣುಮುಚ್ಚಿ ಕೊಳ್ಳಬಹುದು. ಲ್ಯಾಬಿನಲ್ಲಿ ಸಾಲ್ವೆಂಟ್, ಆಸಿಡ್ ಆವಿ ಎಳೆಯಬೇಕಾದವರಿಗೆ ಇದು ಬೇಡ, ಎಣ್ಣೆ ಬೇಗ ಹಾಳಾಗುತ್ತದೆ. ಅವರು ಡಯಾಫ್ರಾಮ್ ಪಂಪ್ ನೋಡಲಿ. ಅದು ಸಾಮಾನ್ಯವಾಗಿ (ಒಂದು ಮಿಲಿಬಾರ್ ಅಂದರೆ ಸುಮಾರು 750 ಮೈಕ್ರಾನ್) ಕೆಲವು ಮಿಲಿಬಾರ್‌ವರೆಗಷ್ಟೇ ಇಳಿಯುತ್ತದೆ, ಆದರೆ ಸಾಲ್ವೆಂಟ್ ಆವಿ ಮಾಡಲು ಅಷ್ಟು ಸಾಕು, ಎಣ್ಣೆ ಬದಲಿಸುವ ಕೆಲಸವೂ ಇರುವುದಿಲ್ಲ.