ಪಿನ್‌ಹೋಲ್ ಕ್ಯಾಮೆರಾಕ್ಕೆ ಶೀಟ್ ಫಿಲ್ಮೋ, ಫೋಟೊ ಪೇಪರೋ?

ಲೆನ್ಸಿನ ಬದಲು ಸೂಜಿರಂಧ್ರದಿಂದ ಚಿತ್ರ ಮೂಡಿಸುವ 4×5 ಇಂಚಿನ ಪಿನ್‌ಹೋಲ್ ಡಬ್ಬಿಯೊಳಗೆ ಶೀಟ್ ಫಿಲ್ಮ್ (ಬಿಡಿ ಹಾಳೆಯ ಫಿಲ್ಮ್) ಇಡಬೇಕೋ, ಫೋಟೊ ಮುದ್ರಿಸುವ ಪೇಪರ್ ಇಡಬೇಕೋ ಎಂಬುದೇ ಮೊದಲ ಆಯ್ಕೆ. ರಂಧ್ರ 0.4 ಮಿ.ಮೀ., ಅದರಿಂದ ಫಿಲ್ಮಿಗೆ ಇರುವ ದೂರ 90 ಮಿ.ಮೀ. ಎಂದಾದರೆ, ಕಾರವಾರದ ಕಡಲತೀರದ ಬಿರುಬಿಸಿಲಿನಲ್ಲಿ 100 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಶಕ್ತಿಯ ಅಳತೆ) ಫಿಲ್ಮಿಗೆ ಸುಮಾರು 2 ಸೆಕೆಂಡು ಸಾಕು. 6 ಐಎಸ್‌ಒ ಆಸುಪಾಸಿನ ಪೇಪರಿಗೆ ಅರ್ಧ ನಿಮಿಷ ಬೇಕಾಗುವುದರಿಂದ ಅಲೆಗಳ ಗೆರೆ ಅಳಿಸಿಹೋಗಿ ನೀರು ಮಂಜಿನಂತೆ ಮೂಡುತ್ತದೆ. ಅದೇ ಪೇಪರನ್ನು ಶಿರಸಿಯ ಕಾಡಿನ ನೆರಳಿಗೆ ಒಯ್ದರೆ ಕಾಲು ಗಂಟೆಯೂ ಸಾಲದೆ ಹೋಗಬಹುದು.

ಬಣ್ಣದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ವಾರಸ್ಯಕರ. ಪೇಪರಿಗೆ ಕೆಂಪು ಕಾಣಿಸದು; ಹಾಗಾಗಿ ಚಿರೇಕಲ್ಲಿನ ಗೋಡೆ ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ಆಕಾಶ ಬರಿಯ ಬಿಳಿಯಾಗಿ ಬರುತ್ತದೆ. ಚಿತ್ರ ತೆಗೆಯುವ ಮೊದಲೇ ಪೇಪರಿಗೆ ಮಂದ ಬೆಳಕನ್ನು ಕ್ಷಣಕಾಲ ತಾಗಿಸಿಟ್ಟರೆ ಕಪ್ಪು-ಬಿಳುಪಿನ ಈ ಒರಟುತನ ತುಸು ತಗ್ಗುತ್ತದೆ. ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಮೋಡ, ಕಲ್ಲು ಎರಡೂ ಉಳಿಯುತ್ತವೆ, ಆದರೆ ಅದನ್ನು ಪೂರ್ಣ ಕತ್ತಲಲ್ಲೇ ತುಂಬಬೇಕು, ಕರಾವಳಿಯ ಸೆಕೆಯಲ್ಲಿ ಬೆವರುವ ಬೆರಳಿನ ಗುರುತು ಎಮಲ್ಷನ್ (ಬೆಳಕು ಗ್ರಹಿಸುವ ಲೇಪ) ಮೇಲೆ ಬೀಳದಂತೆ ಅಂಚನ್ನಷ್ಟೇ ಹಿಡಿಯಬೇಕು. ಪೇಪರಾದರೋ ಬಚ್ಚಲುಮನೆಯ ಕೆಂಪು ದೀಪದಡಿ ಕತ್ತರಿಸಿಕೊಳ್ಳಬಹುದು, ಅಗ್ಗವೂ ಹೌದು.

ರಂಧ್ರ ಎರಡು ಮಾಡುವ, ಪೇಪರನ್ನು ಬಾಗಿಸಿಡುವಂಥ ಪ್ರಯೋಗಗಳಿಗೆ ನನ್ನ ಮತ ಪೇಪರಿಗೇ. ಯಾಣದ ಕರಿಬಂಡೆಗಳ ನೆರಳಿನ ವಿವರ ಬೇಕೆಂಬವರು ಮಾತ್ರ ಫಿಲ್ಮಿನ ಖರ್ಚಿಗೆ ಸಿದ್ಧರಾಗಲಿ.