‘ಕ್ಲೋನ್ ಮಾಡಿಕೊಡುತ್ತೇವೆ’ ಎನ್ನುವವರ ಕೈಗೆ ಹಳೆಯ ಹಾರ್ಡ್ ಡಿಸ್ಕ್ ಬಿಟ್ಟು ಬರಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಂಡೋಸನ್ನು ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿಗಿಂತ ವೇಗವಾಗಿ ಕೆಲಸ ಮಾಡುವ ಡ್ರೈವ್) ವರ್ಗಾಯಿಸಿಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ವಿನ್ಯಾಸದ ಕೆಲಸ ಮಾಡುವವನು. ನನ್ನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್, ಕನ್ನಡ ಟೈಪಿಂಗ್‌ನ ನುಡಿ, ವರ್ಷಗಳಿಂದ ಕೂಡಿಸಿಟ್ಟ ಫಾಂಟುಗಳು, ಗ್ರಾಹಕರ ಲಗ್ನಪತ್ರಿಕೆಗಳು ಹಾಗೂ ನಿವೃತ್ತ ಮೇಷ್ಟರೊಬ್ಬರ ಪುಸ್ತಕದ ಕೊನೆಯ ಕರಡು ಇದ್ದವು. ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡುವ ಪಾಡು ಬೇಡವೆಂದೇ, ಇದ್ದದ್ದನ್ನು ಇದ್ದ ಹಾಗೆ 500 ಜಿಬಿ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಕೊಡಿ ಎಂದು ಬಿಡಿಸಿ ಹೇಳಿದ್ದೆ. "ಒಂದು ಫೈಲೂ ಹೋಗಲ್ಲ ಸಾರ್, ದಿನಾ ಮಾಡೋ ಕೆಲಸ" ಎಂದರು. ಬಿಲ್ಲಿನಲ್ಲಿ ‘ಕ್ಲೋನಿಂಗ್’ ಎಂದೇ ಬರೆದು ಅದಕ್ಕೆ ಪ್ರತ್ಯೇಕವಾಗಿ ಹಣವನ್ನೂ ಪಡೆದರು.

ಮನೆಗೆ ತಂದು ಆನ್ ಮಾಡಿದರೆ ಪರದೆಯ ಮೇಲೆ ರೀಸೈಕಲ್ ಬಿನ್ ಮತ್ತು ಬ್ರೌಸರ್ ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಹೆಸರಿದ್ದ ಕಡೆ ‘ಅಡ್ಮಿನ್’ ಎಂದಿತ್ತು. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ತೆರೆದೆ. ವಿಂಡೋಸ್ ಇನ್‌ಸ್ಟಾಲ್ ಆದ ದಿನಾಂಕವೆಂದು ಅಂದಿನ ದಿನಾಂಕವೇ ಅಲ್ಲಿತ್ತು. ನಿಜವಾದ ಕ್ಲೋನ್ ಆಗಿದ್ದರೆ ಹಳೆಯ ದಿನಾಂಕವೇ ಉಳಿದಿರಬೇಕಿತ್ತು. ನನ್ನದು ಹಣ ಕೊಟ್ಟು ಕೊಂಡ ಹೋಮ್ ಆವೃತ್ತಿ, ಇವರು ಹಾಕಿದ್ದು ಯಾವುದೋ ಪ್ರೊ ಆವೃತ್ತಿ. ಆ ಸಾಲುಗಳನ್ನು ನೋಡುತ್ತಿದ್ದಂತೆ ಕೈಕಾಲು ತಣ್ಣಗಾದವು. ಕ್ಲೋನ್ ಮಾಡುವ ಪ್ರಯತ್ನವನ್ನೇ ಮಾಡದೆ, ಮಾಡಿದ್ದೇವೆಂದು ಹಣ ಪಡೆದಿದ್ದರು.

ಹಳೆಯ ಡಿಸ್ಕ್ ಒಳಗೇ ಇದೆಯಲ್ಲ, ಕಡತಗಳಾದರೂ ಉಳಿದಿರಬಹುದು ಎಂದು ‘ಡಿ’ ಡ್ರೈವ್ ತೆರೆದರೆ ಅದೂ ಖಾಲಿ. ಫೋನ್ ಮಾಡಿದಾಗ ಬಂದ ಉತ್ತರ: "ಫಾಸ್ಟ್ ಆಗಿದೆ ತಾನೇ ಸಾರ್? ಹಳೇದನ್ನೂ ನೀಟಾಗಿ ಫಾರ್ಮ್ಯಾಟ್ ಮಾಡಿಕೊಟ್ಟಿದ್ದೀವಿ." ಯಾರು ಕೇಳಿದ್ದರು? ಫಾರ್ಮ್ಯಾಟ್ ಮಾಡಿ, ಅಂದರೆ ಇದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿ ಎಂದು ಇವರಿಗೆ ಯಾರು ಹೇಳಿದ್ದರು? ಗಟ್ಟಿಸಿ ಕೇಳಿದ್ದಕ್ಕೆ, 1 ಟಿಬಿ ಡಿಸ್ಕ್ 500 ಜಿಬಿಯಲ್ಲಿ ಹಿಡಿಸುವುದಿಲ್ಲ ಎಂದರು. ಇದು ಶುದ್ಧ ಸುಳ್ಳು. ನಾನು ಬಳಸಿದ್ದು ಅರ್ಧಕ್ಕಿಂತ ಎಷ್ಟೋ ಕಡಿಮೆ ಜಾಗ. ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸುವ ಸೌಲಭ್ಯ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಇದೆ, ಎಷ್ಟೋ ಕ್ಲೋನಿಂಗ್ ತಂತ್ರಾಂಶಗಳು ಅದನ್ನು ತಾವೇ ಮಾಡಿಕೊಳ್ಳುತ್ತವೆ. ಅಂಗಡಿಗೇ ಹೋಗಿ ಕೇಳಿದಾಗ ಬಿಲ್ಲಿನ ಹಿಂಬದಿಯ ಸಣ್ಣಕ್ಷರ ತೋರಿಸಿ, "ಡೇಟಾಕ್ಕೆ ನಾವು ಜವಾಬ್ದಾರರಲ್ಲ ಅಂತ ಬರೆದಿದೆ ನೋಡಿ" ಎಂದರು.

ಕ್ವಿಕ್ ಫಾರ್ಮ್ಯಾಟ್ (ಕಡತಗಳ ಪಟ್ಟಿಯನ್ನಷ್ಟೇ ಅಳಿಸುವ ಬಗೆ) ಆದ ಹಾರ್ಡ್ ಡಿಸ್ಕಿನಲ್ಲಿ, ಅದರ ಮೇಲೆ ಬೇರೇನನ್ನಾದರೂ ಬರೆಯುವವರೆಗೆ ಹಳೆಯ ಮಾಹಿತಿ ಸಾಮಾನ್ಯವಾಗಿ ಉಳಿದಿರುತ್ತದೆ. ಆದ್ದರಿಂದ ಅದನ್ನು ಕೂಡಲೇ ಬಿಚ್ಚಿಸಿ, ಅಳಿದ ಕಡತಗಳ ರಿಕವರಿ ಮಾಡುವವರ ಬಳಿಗೆ ಒಯ್ದೆ. ಚಿತ್ರಗಳು ಬಹಳಷ್ಟು ಬಂದವು, ಆದರೆ ಹೆಸರಿಲ್ಲ, ಫೋಲ್ಡರಿಲ್ಲ, ಬರೀ ಸಂಖ್ಯೆಗಳು. ಪೇಜ್‌ಮೇಕರ್ ಕಡತಗಳಲ್ಲಿ ಹೆಚ್ಚಿನವು ತೆರೆಯಲೇ ಇಲ್ಲ. ಮೇಷ್ಟರ ಪುಸ್ತಕದ ಹಳೆಯ ಕರಡು ಮೇಲ್‌ನಲ್ಲಿ ಸಿಕ್ಕಿತು. ಅವರು ಪಕ್ಕದಲ್ಲಿ ಕುಳಿತು ಒಂದೊಂದು ಒತ್ತಕ್ಷರವನ್ನೂ ತಿದ್ದಿಸಿದ್ದ ಪ್ರತಿ ಸಿಗಲಿಲ್ಲ. ಅವರಿಗೆ ಈ ವಿಷಯ ಹೇಳುವಾಗ ಆದ ನಾಚಿಕೆಯನ್ನು ಆ ಅಂಗಡಿಯವರು ತುಂಬಿಕೊಡಬಲ್ಲರೇ?

ಕೆಲಸ ನಿಮ್ಮ ಕಣ್ಣೆದುರೇ ಆಗಲಿ. ಹಳೆಯ ಡಿಸ್ಕನ್ನು ಬಿಚ್ಚಿ ಹೊರಗಿಟ್ಟು, ಹೊಸದರಿಂದ ಮಾತ್ರ ಯಂತ್ರ ಚಾಲೂ ಆಗುವುದನ್ನು ಮತ್ತು ನಿಮ್ಮ ಕಡತಗಳು ತೆರೆಯುವುದನ್ನು ನೋಡಿದ ಮೇಲೆಯೇ ಹಣ ಕೊಡಿ. ಆ ಡಿಸ್ಕ್ ನಿಮ್ಮ ಚೀಲದಲ್ಲೇ ಮನೆಗೆ ಬರಲಿ. ಕ್ಲೋನಿಂಗ್‌ಗೆಂದು ನನ್ನಿಂದ ಪಡೆದ ಹಣವನ್ನು ಅವರು ಇಂದಿಗೂ ಹಿಂತಿರುಗಿಸಿಲ್ಲ.