ಜೀನ್ಸ್ ಹೊಲಿಯೋ ಮಷೀನಿಗೆ ಸರ್ವೋ ಮೋಟಾರ್ ಹಾಕ್ಸಬಹುದಾ? ಬಳ್ಳಾರಿ ಯೂನಿಟ್‌ನವ್ರಿಗೆ ನನ್ನ ರಿವ್ಯೂ

ಕೌಲ್ ಬಜಾರ್ ಕಡೆ ನಮ್ದೊಂದು ಸಣ್ಣ ಜೀನ್ಸ್ ಯೂನಿಟ್ ಐತಿ. ಹಳೇ ಕ್ಲಚ್ ಮೋಟಾರ್ ತೆಗ್ಸಿ ಸರ್ವೋ ಹಾಕ್ಸಿ ಒಂದ್ ಬ್ಯಾಸಗಿ ಪೂರ್ತಿ ನಡಸೀವಿ, ಸುಮಾರ್ ಜನ ಹೆಂಗೈತಿ ಅಂತ ಕೇಳಾಕತ್ತಾರ ಅದಕ್ಕ ಬರೀತಿದೀನಿ. ಸಿಂಗಲ್ ನೀಡಲ್ ಮಷೀನಿಗಾದ್ರ ಧೈರ್ಯವಾಗಿ ತಗೋರಿ.

ಕ್ಲಚ್ ಮೋಟಾರ್ ಅರ್ಧ ಎಚ್‌ಪಿದು, ಸ್ವಿಚ್ ಹಾಕಿದ್ರ ಮುಗೀತು, ಟೈಲರ್ ಹೊಲೀಲಿ ಬಿಡ್ಲಿ 2880 ಆರ್‌ಪಿಎಂ ಹತ್ರ ತಿರುಗ್ತಾನ ಇರ್ತೈತಿ, ಪೆಡಲ್ ತುಳಿದಾಗ ಕ್ಲಚ್ ಪ್ಲೇಟ್ ಹಿಡ್ಕೊಂಡು ಬೆಲ್ಟ್ ಎಳೀತೈತಿ ಅಷ್ಟ. ಬಂಡಲ್ ಬಿಚ್ಚೋದು, ಪಾಕೆಟ್ ಕೂಡ್ಸೋದು, ಬಾಬಿನ್ ಬದಲ್ಸೋದು, ದಾರ ಕತ್ತರ್ಸೋದು, ಇದ್ರಾಗ ಎಷ್ಟೊತ್ತು ಹೋಗ್ತೈತಿ ನೀವ ಲೆಕ್ಕ ಹಾಕ್ರಿ, ಅಷ್ಟೂ ಹೊತ್ತು ಕರೆಂಟ್ ಸುಮ್ನ ಖಾಲಿ. ಸರ್ವೋದಾಗ ಪೆಡಲ್‌ಗೆ ಸೆನ್ಸರ್ ಇರ್ತೈತಿ, ಎಷ್ಟು ತುಳಿದ್ರಿ ಅಂತ ನೋಡಿ ಕಂಟ್ರೋಲ್ ಬಾಕ್ಸ್ ಅಷ್ಟೇ ಸ್ಪೀಡ್ ಕೊಡ್ತೈತಿ, ಕಾಲು ತೆಗೆದ್ರ ಮೋಟಾರ್ ನಿಂತೇ ಬಿಡ್ತೈತಿ. ಇನ್ನೊಂದು ಸೆನ್ಸರ್ ಸೂಜಿ ಮ್ಯಾಲೆ ನಿಲ್ಲಬೇಕೋ ಕೆಳಗೋ ನೋಡ್ಕೋತೈತಿ, ಮೂಲೆ ತಿರುಗ್ಸೋವಾಗ ನಮ್ ಹುಡುಗ್ರಿಗೆ ಅದು ಬಹಳ ಸೇರೈತಿ.

ಬಾಕ್ಸ್ ಮ್ಯಾಲೆ 550 ವ್ಯಾಟ್ ಅಂತ ಬರ್ದಿರ್ತೈತಿ, ಅದನ್ನ ನೋಡಿ ಹಳೇದಕ್ಕಿಂತ ಜಾಸ್ತಿ ಕರೆಂಟ್ ತಿಂತೈತಿ ಅಂತ ಹೆದರಬ್ಯಾಡ್ರಿ, ಅದು ಮೋಟಾರಿನ ತಾಕತ್ತು, ದಿನಾಪೂರ್ತಿ ಎಳಿಯೋದಲ್ಲ. ಬಿಲ್ ಬರೋತನ ಕಾಯೋದೂ ಬ್ಯಾಡ, ಮೀಟರ್‌ದಾಗ ಕೆಂಪು ಲೈಟ್ ಮಿಣುಕ್ತೈತಲ್ಲ ಅದನ್ನ ನೋಡ್ರಿ, ಎಷ್ಟು ಮಿಣುಕಿದ್ರ ಒಂದ್ ಯೂನಿಟ್ ಅಂತ ಮೀಟರ್ ಮ್ಯಾಲೇ ಬರ್ದಿರ್ತೈತಿ. ಮೊದಲು ಎಲ್ರೂ ಚಾ ಕುಡ್ಯಾಕ್ ಎದ್ರೂ ಅದು ಪಟಪಟ ಮಿಣುಕ್ತಿತ್ತು, ಈಗ ಆ ಹೊತ್ತಿಗೆ ಫ್ಯಾನ್ ಲೈಟ್ ಲೆಕ್ಕ ಮಾತ್ರ. ಅದರ ಜೋಡಿ ಶೆಡ್ಡಿನಾಗಿನ ಕಾವು ಕಮ್ಮಿ ಆತು, ನಮ್ಮ ಬಳ್ಳಾರಿ ಬಿಸಿಲಿನಾಗ ಸಾಲಾಗಿ ಮೋಟಾರ್ ಕಾದ್ರ ಕೂತು ಹೊಲಿಯೋರ ಪಾಡು ಏನು ಹೇಳ್ರಿ. ಗುಂಯ್ ಅನ್ನೋ ಸದ್ದೂ ಇಲ್ಲ, ಒಬ್ರಿಗೊಬ್ರು ಮಾತಾಡಿದ್ದು ಕೇಳ್ತೈತಿ.

ತೊಂದ್ರೆ ಇಲ್ಲ ಅಂತಲ್ಲ. ನಿಧಾನ ಸ್ಪೀಡಿನಾಗ ದಪ್ಪ ಜಾಯಿಂಟ್ ಬಂದ್ರ ಸಣ್ಣ ಸರ್ವೋ ಮುಗ್ಗರಿಸ್ತೈತಿ, ಕಾಲಿನ ಹೊಲಿಗಿ ಹಾಕೋ ಫೀಡ್ ಆಫ್ ದಿ ಆರ್ಮ್ ಮಷೀನಿಗೆ 750 ವ್ಯಾಟಿನದ್ದ ಹಾಕ್ರಿ. ವೋಲ್ಟೇಜ್ ಏರಿಳಿತಕ್ಕ ಬಾಕ್ಸಿನ ಬೋರ್ಡ್ ಸುಡ್ತೈತಿ, ನಮ್ದೊಂದು ಹಂಗ ಹೋತು, ಮಾರಿದ ಅಂಗಡ್ಯಾವ್ರು ವಾರಂಟಿ ಅಂತ ಹೇಳಿ ಕೊಟ್ಟು ಆಮ್ಯಾಲೆ ವೋಲ್ಟೇಜ್ ಕೇಸ್ ಬರಂಗಿಲ್ಲ ಅಂದ್ಬಿಟ್ರು, ಇದು ಅನ್ಯಾಯ. ವಾರಂಟಿದಾಗ ಏನೇನು ಬರ್ತೈತಿ ಅಂತ ಬಿಲ್ ಮ್ಯಾಲೆ ಬರ್ಸ್ಕೊಂಡೇ ದುಡ್ಡು ಕೊಡ್ರಿ, ಸ್ಟೆಬಿಲೈಸರ್ ಹಾಕ್ರಿ, ರಾತ್ರಿ ಮೇನ್ ಸ್ವಿಚ್ ಆಫ್ ಮಾಡ್ರಿ ಯಾಕಂದ್ರ ಬಾಕ್ಸ್ ಸುಮ್ನಿದ್ರೂ ಒಂಚೂರು ಕರೆಂಟ್ ಎಳೀತಿರ್ತೈತಿ. ಮತ್ತ ಅಂಗಡಿಗೆ ಹೋಗೋವಾಗ ನೀವು ಹೊಲಿಯೋ ಡೆನಿಮ್ ಬಟ್ಟೀನ ತಗೊಂಡು ಹೋಗ್ರಿ, ನಾಕು ಪದರ ಮಡಚಿ ನಿಧಾನಕ್ಕ ಹೊಲ್ಸಿ ನೋಡಿ, ನಿಲ್ಲದ ದಾಟಿದ್ರ ಮಾತ್ರ ತಗೋರಿ.